ಆರು ವಾರವಾದರೂ ಬಿಡದ ಉಳುಕು

ಕೊಟ್ಟಿಗೆಯ ಗಂಜಲದಲ್ಲಿ ಕಾಲು ಜಾರಿ ಪಾದ ಒಳಕ್ಕೆ ಹೊರಳಿತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಊತವೂ ಇಳಿಯಿತು. ಆದರೂ ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತಾಗ, ಹುಲ್ಲಿನ ಹೊರೆ ಹೊತ್ತು ಬದು ಇಳಿಯುವಾಗ ಕೀಲಿನ ಆಳದಲ್ಲಿ ನೋವು. ಒಮ್ಮೊಮ್ಮೆ ಕೀಲು ಹಿಡಿದುಕೊಂಡಂತೆ. ಇಂಥದ್ದು ಆರು ವಾರ ದಾಟಿದರೆ ಎಣ್ಣೆ ತಿಕ್ಕಿಸುತ್ತ ಕೂರಬೇಡಿ, ಮೂಳೆ ವೈದ್ಯರಿಗೆ ತೋರಿಸಿ.

ಕಾಲಿನ ಮೂಳೆ ಪಾದದ ಮೇಲೆ ಕೂರುವಲ್ಲಿ ಟೇಲಸ್ ಎಂಬ ಮೂಳೆಯಿದೆ. ಅದಕ್ಕೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಕಾಲು ಹೊರಳಿದಾಗ ಈ ಹೊದಿಕೆ ಜಜ್ಜಬಹುದು, ಅಡಿಯ ಮೂಳೆಚೂರಿನ ಸಮೇತ ಕಿತ್ತೂ ಬರಬಹುದು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಅದಕ್ಕೆ ರಕ್ತನಾಳಗಳಿಲ್ಲ, ಹಾಗಾಗಿ ತಾನಾಗಿ ಮಾಯುವುದು ಕಷ್ಟ.

ಚೂರು ಸಡಿಲವಾಗಿಲ್ಲದಿದ್ದರೆ ಮೊದಲು ಕಾಲಿಗೆ ಪಟ್ಟಿ, ವಿಶ್ರಾಂತಿ, ವ್ಯಾಯಾಮ. ತಿಂಗಳುಗಟ್ಟಲೆ ಕಾದರೂ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆ. ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ, ಹಾಳಾದ ಭಾಗ ಕೆರೆದು ತೆಗೆದು, ಮೂಳೆಗೆ ಚಿಕ್ಕ ತೂತುಗಳನ್ನು ಕೊರೆಯುತ್ತಾರೆ. ಒಳಗಿನಿಂದ ಒಸರುವ ರಕ್ತ ಹೆಪ್ಪುಗಟ್ಟಿ ನಿಧಾನವಾಗಿ ಹೊಸ ಪದರವಾಗುತ್ತದೆ. ಮೊದಲಿನಷ್ಟು ಗಟ್ಟಿಯಲ್ಲ, ನಿಜ. ಸುಮಾರು 15 ಮಿ.ಮೀ. ಒಳಗಿನ ಗಾಯಕ್ಕೆ ಇದು ಸಾಮಾನ್ಯವಾಗಿ ಸಾಕು. ದೊಡ್ಡದಾದರೆ ಮಂಡಿಯಿಂದ ಮೃದ್ವಸ್ಥಿ ತೆಗೆದು ಕಸಿ ಮಾಡುವುದುಂಟು.

ಆಪರೇಷನ್ನಿಗಿಂತ ಕಷ್ಟವಾದದ್ದು ಆಮೇಲಿನ ದಿನಗಳು. ಹಲವು ವಾರ, ಕೆಲವರಿಗೆ ಆರು ವಾರದವರೆಗೂ, ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವವರು ಯಾರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹಸು ಕರು ಹಾಕುವ ದಿನ ಹತ್ತಿರವಿದ್ದರೆ ಅದನ್ನೂ ವೈದ್ಯರಿಗೆ ಹೇಳಿಯೇ ತಾರೀಖು ಗೊತ್ತುಮಾಡಿ.