ಮಳೆ ಲೆಕ್ಕದ ಪೆಟ್ಟಿಗೆ ಮತ್ತು ಬ್ಯಾಟರಿ

ಅಕ್ಕಂದಿರೇ, ಮಳೆ ಎಷ್ಟು ಬಂತು ಅಂದರೆ ನಾವು ಏನು ಹೇಳ್ತೀವಿ? "ಒಂದು ಹದ ಆಯ್ತು" ಅಂತೀವಿ. ಸರ್ಕಾರಕ್ಕೆ ಈ ಲೆಕ್ಕ ಸಾಲದು. ಅವರಿಗೆ ಮಿಲಿಮೀಟರ್ ಲೆಕ್ಕ ಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯ ಹಣವೂ ಇಂಥ ಲೆಕ್ಕದ ಮೇಲೇ ನಿಂತಿದೆ.

ಈ ಲೆಕ್ಕ ಇಡುವ ಯಂತ್ರವೇ ಮಳೆಮಾಪಕ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಒಂದರಂತೆ 6,000ಕ್ಕೂ ಹೆಚ್ಚು ಹಾಕಿದ್ದಾರೆ. ಹಾಕಿಸಿದ್ದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 15 ನಿಮಿಷಕ್ಕೊಮ್ಮೆ ಲೆಕ್ಕ ತಾನಾಗಿಯೇ ಬೆಂಗಳೂರಿಗೆ ಹೋಗುವ ಹಾಗೆ ಇದನ್ನು ಮಾಡಿದ್ದಾರೆ.

ಬ್ಯಾಟರಿ ಯಾಕೆ?

ಯಂತ್ರಕ್ಕೆ ಬಿಸಿಲಿನಿಂದ ಕರೆಂಟು ಬರುತ್ತೆ. ಆದರೆ ಆಷಾಢದ ಸೋನೆ ಮಳೆಯಲ್ಲಿ ಬಿಸಿಲು ಎಲ್ಲಿ ಬಂತು? ಆಗಲೇ ಮಳೆ ಅಳೆಯಬೇಕು. ಕಣಜದಲ್ಲಿ ರಾಗಿ ಕೂಡಿಟ್ಟ ಹಾಗೆ ಬ್ಯಾಟರಿ ಕರೆಂಟು ಕೂಡಿಡುತ್ತೆ. ಬ್ಯಾಟರಿ ಸತ್ತರೆ ಆ ದಿನದ ಮಳೆ ಲೆಕ್ಕಕ್ಕೆ ಸೇರಲ್ಲ.

ಎಂಥದ್ದು ಬೇಕು?

ಬ್ಯಾಟರಿ ಮೇಲೆ ಬರೆದದ್ದನ್ನು ಓದಿ. ಯಂತ್ರಕ್ಕೆ 12 ವೋಲ್ಟ್ ಬೇಕಾದರೆ 12 ವೋಲ್ಟಿನದನ್ನೇ ಹಾಕಬೇಕು. ಎ.ಎಚ್. ಎಂಬ ಅಕ್ಷರದ ಹಿಂದಿನ ಸಂಖ್ಯೆ, ಅದರಲ್ಲಿ ಎಷ್ಟು ಕರೆಂಟು ಹಿಡಿಸುತ್ತೆ ಅಂತ ಹೇಳುತ್ತೆ. ಅದು ಕಣಜದ ಅಳತೆ ಇದ್ದಂಗೆ. ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ದಿನ ಮೋಡ ತಡೆಯುತ್ತೆ. ಬಿಸಿಲಿನ ಯಂತ್ರಕ್ಕೆ ಮತ್ತೆ ಮತ್ತೆ ತುಂಬುವ ಬ್ಯಾಟರಿಯೇ ಬೇಕು. ತಯಾರಾದ ತಿಂಗಳು, ವರ್ಷವನ್ನೂ ನೋಡಿ. ಅಂಗಡಿಯಲ್ಲಿ ಬಹಳ ದಿನ ಕೂತದ್ದು ಬೇಡ.

ಬದಲಿಸುವುದು ಹೇಗೆ?

ಸಾಯುವ ತನಕ ಕಾಯಬಾರದು. ಮುಂಗಾರಿಗೆ ಮೊದಲೇ ಪರೀಕ್ಷೆ ಮಾಡಿಸಬೇಕು. ಬಿಚ್ಚುವಾಗ ಮೊದಲು ಕಪ್ಪು ತಂತಿ, ಆಮೇಲೆ ಕೆಂಪು. ಜೋಡಿಸುವಾಗ ಮೊದಲು ಕೆಂಪು, ಆಮೇಲೆ ಕಪ್ಪು. ಕೆಂಪು ತಂತಿ ಕೂಡಿಸುವ ಗುರುತಿಗೆ (+), ಕಪ್ಪು ತಂತಿ ಕಳೆಯುವ ಗುರುತಿಗೆ (–). ಈ ಕೆಲಸ ಕಲಿತವರದು. ನಾವು ಪೆಟ್ಟಿಗೆ ಬಿಚ್ಚಬಾರದು.

ಹಳೇ ಬ್ಯಾಟರಿಯಲ್ಲಿ ಸೀಸ, ಆಮ್ಲ ಇರ್ತವೆ. ಅವು ವಿಷ. ತಿಪ್ಪೆಗೆ, ಕೆರೆಗೆ ಎಸೆಯಬಾರದು. ಅಂಗಡಿಗೇ ವಾಪಸ್ ಕೊಡಬೇಕು.

ಮನೆಯ ಟಾರ್ಚಿಗೂ ಇದೇ ಬುದ್ಧಿ. ಹಳೇದು, ಹೊಸದು ಬೆರೆಸಿ ಹಾಕಬೇಡಿ. ಶೆಲ್ ಸೋರಿ ಟಾರ್ಚೇ ಹಾಳಾಗುತ್ತೆ.

ನಮ್ಮ ಕೆಲಸ ಏನು?

ಬಿಸಿಲಿನ ಫಲಕಕ್ಕೆ ಬಳ್ಳಿ ಹಬ್ಬಿದೆಯಾ? ಧೂಳು ಕೂತಿದೆಯಾ? ತಂತಿ ಕಿತ್ತಿದೆಯಾ? ಕಂಡರೆ ಪಂಚಾಯಿತಿಗೆ ಹೇಳಿ. ಬರೀ ಬಾಯಲ್ಲಿ ಹೇಳಬೇಡಿ. ನೀವೇ ಒಂದು ಅರ್ಜಿ ಬರೆಯಿರಿ. ತಾರೀಖು ಹಾಕಿ, ಸಹಿ ಮಾಡಿ ಕೊಡಿ.

ಯೋಚಿಸಿ, ಹೇಳಿ:
1. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ?
2. ನಿಮ್ಮ ಟಾರ್ಚಿನ ಶೆಲ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ?