ಒಂದೇ ಮನೆ, ಒಂದೇ ಕಾಮಾಲೆ: ಒಬ್ಬರಿಗೆ ಮಾತ್ರ ಏಕೆ ಜೋರು?



ಮಳೆಗಾಲ ಬಂತೆಂದರೆ ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿ ಕಡೆಯ ನಮ್ಮವರು ಕೇಳುವ ಪ್ರಶ್ನೆ ಇದು: “ಡಾಕ್ಟ್ರೇ, ಎಲ್ಲರೂ ಕುಡಿದದ್ದು ಒಂದೇ ಟ್ಯಾಂಕಿನ ನೀರು. ಚಿಕ್ಕವನಿಗೆ ಎರಡು ದಿನ ಜ್ವರ ಬಂದು ಹೋಯಿತು. ದೊಡ್ಡವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಏಕೆ ಹೀಗೆ?”

ಒಂದು ಕಾರಣ ವಯಸ್ಸು. ಹೆಪಟೈಟಿಸ್ ‘ಎ’ ಬಂದ ಪುಟ್ಟ ಮಕ್ಕಳಲ್ಲಿ ಬಹುಪಾಲು ಕಣ್ಣು ಹಳದಿಯಾಗುವುದೇ ಇಲ್ಲ. ದೊಡ್ಡವರಿಗೆ ಅದೇ ವೈರಸ್ ಜೋರಾಗಿ ಬರುತ್ತದೆ. ಇನ್ನೊಂದು ಕಾರಣ, ತಂದೆ ತಾಯಿಯಿಂದ ಬಂದ ಜೀನ್. ಅಣ್ಣನಿಗೆ ಬಂದ ಜೀನೇ ತಮ್ಮನಿಗೂ ಬಂದಿರಬೇಕೆಂದಿಲ್ಲ.

*ವಿಜ್ಞಾನಿಗಳು ಕಂಡುಕೊಂಡದ್ದು*

ಹೆಪಟೈಟಿಸ್ ‘ಸಿ’: ಐಎಲ್28ಬಿ ಎಂಬ ಜೀನ್ ಹತ್ತಿರದ ಒಂದೇ ಅಕ್ಷರದ ವ್ಯತ್ಯಾಸದಿಂದ ಕೆಲವರ ದೇಹ ಈ ವೈರಸ್ಸನ್ನು ಬೇಗ ಹೊರಹಾಕುತ್ತದೆ ಎಂದು 2009ರಲ್ಲಿ ತಿಳಿಯಿತು. ಆದರೆ ಈಗಿನ ಮಾತ್ರೆಗಳು ಯಾವ ಜೀನ್ ಇದ್ದರೂ 100ರಲ್ಲಿ 95ಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತವೆ.

ಹೆಪಟೈಟಿಸ್ ‘ಎ’: ಆರೋಗ್ಯವಾಗಿದ್ದ 11 ವರ್ಷದ ಹುಡುಗಿಯೊಬ್ಬಳು ಇದರಿಂದ ತೀರಿಕೊಂಡಿದ್ದಳು. ರೋಗನಿರೋಧಕ ಶಕ್ತಿಗೆ ಬ್ರೇಕ್ ಹಾಕುವ ಒಂದು ಜೀನ್ ಅವಳಲ್ಲಿ ಕೆಟ್ಟಿತ್ತು ಎಂದು 2019ರಲ್ಲಿ ಪ್ರಕಟವಾಯಿತು. ವೈರಸ್‌ಗಿಂತ ಅವಳ ದೇಹದ ಪ್ರತಿಕ್ರಿಯೆಯೇ ಲಿವರನ್ನು ಹಾಳುಮಾಡಿತ್ತು. ಇದು ಬಹಳ ಅಪರೂಪ.

ಹೆಪಟೈಟಿಸ್ ‘ಬಿ’: ಇಲ್ಲೂ ಜೀನ್ ಪಾತ್ರವಿದೆ. ಆದರೆ ಸೋಂಕು ತಗಲಿದ ವಯಸ್ಸು ಅದಕ್ಕಿಂತ ಮುಖ್ಯ. ಹೆರಿಗೆ ವೇಳೆ ತಾಯಿಯಿಂದ ತಗಲಿದರೆ 10ರಲ್ಲಿ 9 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಲ್ಲಿ ಹಾಗೆ ಉಳಿಯುವುದು 100ರಲ್ಲಿ 5ಕ್ಕೂ ಕಡಿಮೆ.

*ಜೀನ್ ಪರೀಕ್ಷೆ ಮಾಡಿಸಬೇಕೆ?*

ಬೇಡ. ನೆನಪಿಡಬೇಕಾದದ್ದು ಇಷ್ಟೆ: ಇನ್ನೊಬ್ಬರು ಗುಣವಾದದ್ದು ನಿಮಗೆ ಗ್ಯಾರಂಟಿ ಅಲ್ಲ. “ಚಿಕ್ಕಪ್ಪನಿಗೆ ಊರಿನ ನೆಲನೆಲ್ಲಿ ಕಷಾಯದಲ್ಲೇ ವಾಸಿಯಾಯಿತು” ಎನ್ನುತ್ತೇವೆ. ‘ಎ’ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಚಿಕ್ಕಪ್ಪನ ಲಿವರ್ ತಡೆದುಕೊಂಡಿತು. ನಿಮ್ಮದು ತಡೆಯುತ್ತದೆಯೇ ಎಂದು ಮೊದಲೇ ಹೇಳಲು ಬರುವುದಿಲ್ಲ.

*ನಮ್ಮ ಕೈಯಲ್ಲಿರುವುದು*

1. ಜೀವನದಲ್ಲಿ ಒಮ್ಮೆ ‘ಬಿ’ ಮತ್ತು ‘ಸಿ’ ರಕ್ತಪರೀಕ್ಷೆ ಮಾಡಿಸಿ. ಆಂಜಿಯೋಪ್ಲಾಸ್ಟಿ, ಬೈಪಾಸ್‌ಗೆ ಮೊದಲು ಹೃದ್ರೋಗ ವಿಭಾಗದಲ್ಲಿ ಮಾಡುವ ಪರೀಕ್ಷೆಯಲ್ಲೇ ಎಷ್ಟೋ ಜನರಿಗೆ ಇದು ಮೊದಲ ಬಾರಿ ಗೊತ್ತಾಗುತ್ತದೆ. ಅಷ್ಟು ತಡ ಮಾಡಬೇಡಿ. ಮನೆಯಲ್ಲಿ ಒಬ್ಬರಿಗೆ ‘ಬಿ’ ಇದ್ದರೆ ಊರಿನಲ್ಲಿರುವ ಅಮ್ಮ, ಒಡಹುಟ್ಟಿದವರು ಸೇರಿ ಎಲ್ಲರೂ ಪರೀಕ್ಷಿಸಿಕೊಳ್ಳಿ.

2. ಮಗು ಹುಟ್ಟಿದ 24 ಗಂಟೆಯೊಳಗೆ ‘ಬಿ’ ಲಸಿಕೆ ಹಾಕಿಸಿ. ‘ಎ’ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

3. ‘ಬಿ’, ‘ಸಿ’ ಎರಡಕ್ಕೂ ಉಚಿತ ಪರೀಕ್ಷೆ, ಔಷಧ ಕೊಡುವ ರಾಷ್ಟ್ರೀಯ ಯೋಜನೆ 2018ರ ಜುಲೈ 28ರಿಂದ ಇದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

4. ನೀರು ಕುದಿಸಿ ಕುಡಿಯಿರಿ. ಸೊಸೈಟಿಯ ಟ್ಯಾಂಕ್ ಶುಚಿ ಮಾಡಿಸಿ.

5. ಕಾಮಾಲೆ ಜೊತೆ ಮಂಪರು, ಅಸಂಬದ್ಧ ಮಾತು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ಮದ್ದಿಗೆಂದು ಊರಿನ ಬಸ್ಸು ಹತ್ತಬೇಡಿ. ಇಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ ಹೋಗಬೇಕು; ಹೆಪಟೈಟಿಸ್ ‘ಇ’ ಅವರಿಗೆ ಪ್ರಾಣಾಪಾಯ ತರಬಲ್ಲದು.

6. ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಕಾಮಾಲೆಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ.

ಜೀನ್ ಬದಲಿಸಲಾಗದು. ಲಸಿಕೆ, ಪರೀಕ್ಷೆ, ಸಮಯಕ್ಕೆ ಸರಿಯಾಗಿ ಆಸ್ಪತ್ರೆ, ಇಷ್ಟು ಮಾತ್ರ ನಮ್ಮ ಕೈಯಲ್ಲೇ ಇದೆ. ಊರಿನ ಗ್ರೂಪಿಗೂ ಇದನ್ನು ಕಳುಹಿಸಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.