ಎಮು: ಹಾರದ ಹಕ್ಕಿಯ ಲೆಕ್ಕಾಚಾರ

ಮೈಸೂರು ಮೃಗಾಲಯದಲ್ಲಿ ಎಮುವನ್ನು ಕಂಡು ಉಷ್ಟ್ರಪಕ್ಷಿಯೆಂದು ತಿಳಿಯುವವರುಂಟು. ಕಾಲ್ಬೆರಳು ಎಣಿಸಿ ನೋಡಿ: ಉಷ್ಟ್ರಪಕ್ಷಿಯ ಪಾದದಲ್ಲಿ ಎರಡು, ಎಮುವಿಗೆ ಮೂರು. ಆಸ್ಟ್ರೇಲಿಯಾದ ಈ ಹಕ್ಕಿಯ ವೈಜ್ಞಾನಿಕ ಹೆಸರು ಡ್ರೊಮೇಯಸ್ ನೊವೆಹಾಲಂಡಿಯೆ. ಸಮೀಪದ ಬಂಧು ಕ್ಯಾಸೊವರಿ.

ಹಾರುವ ಹಕ್ಕಿಗಳ ಎದೆಮೂಳೆಯಲ್ಲಿ ದೋಣಿಯ ತಳದಂತಹ ಏಣು ಇರುತ್ತದೆ. ರೆಕ್ಕೆಯ ಸ್ನಾಯುಗಳಿಗೆ ಅದೇ ಆಸರೆ. ಎಮುವಿಗೆ ಅದಿಲ್ಲ, ಹಾಗಾಗಿ ಕೋಳಿಗಿರುವಂತಹ ಎದೆಮಾಂಸವೂ ಇಲ್ಲ. ಮರಿ ಬಲಿತು ಮೊಟ್ಟೆಯಿಡಲು ಸುಮಾರು 2 ವರ್ಷ ಬೇಕು; ಇಡುವುದೂ ವರ್ಷದಲ್ಲಿ ಕೆಲವೇ ತಿಂಗಳು. ಕಾವು ಕೂರುವುದು ಗಂಡು, ಸುಮಾರು 8 ವಾರ, ಬಹುಪಾಲು ಉಪವಾಸವಿದ್ದು!

2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಎಮು ಹೂಡಿಕೆ ಯೋಜನೆಗಳು ಕುಸಿದು ಸಾವಿರಾರು ಮಂದಿ ಹಣ ಕಳೆದುಕೊಂಡರು. ಶೀಳನೆರೆಯ ಹಟ್ಟಿಗೂ ನಾಳೆ ಯಾರಾದರೂ ಹೊಸ ಹಕ್ಕಿ ತಂದು ತಿಂಗಳ ಆದಾಯದ ಮಾತಾಡಬಹುದು. ಆಗ ನೀವು ಮೊದಲು ಆ ಹಕ್ಕಿಯ ಜೀವನಕ್ರಮ ವಿಚಾರಿಸಿ.